ತಾತನ ಗೋಡೆ ಗಡಿಯಾರ ಐದು ನಿಮಿಷಕ್ಕೆ ನಿಲ್ಲುತ್ತೆ, ಹತ್ತಕ್ಕೆ ಏಳು ಹೊಡೆಯುತ್ತೆ

ಪೇಟೆಮನೆ | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯ ಹಳೇ ಮನೆ ಮಾರಿ ಉತ್ತರಹಳ್ಳಿ ಕಡೆ ಫ್ಲ್ಯಾಟಿಗೆ ಬಂದು ಮೂರು ತಿಂಗಳಾಯ್ತು. ತಾತನ ಕಾಲದ ಗೋಡೆ ಗಡಿಯಾರವೂ ಜೊತೆಗೆ ಬಂತು. ಗಾಜಿನ ಬಾಗಿಲಿನ ಮರದ ಪೆಟ್ಟಿಗೆ, ಪೆಂಡುಲಂ, ಎರಡು ಕೀ ತೂತು. ಅಲ್ಲಿ ಹೊರಡುವ ದಿನದವರೆಗೂ ಓಡ್ತಿತ್ತು. ಇಲ್ಲಿ ಪೆಂಡುಲಂ ತಳ್ಳಿ ಬಿಟ್ಟರೆ ಐದು ನಿಮಿಷ ಆಡಿ ನಿಂತುಬಿಡುತ್ತೆ.

ಪೇಟೆ ಕಡೆಯ ಒಂದು ಅಂಗಡಿಗೆ ಕೊಟ್ಟೆ. ಎರಡು ದಿನ ಇಟ್ಟುಕೊಂಡು, ಮುಳ್ಳು, ಡಯಲ್ ಎಲ್ಲಾ ಬಿಚ್ಚಿ ನೋಡಿ, 'ಮಿಷನ್ ಹೋಗಿದೆ, ಸೆಲ್ ಮಿಷನ್ ಹಾಕಿಕೊಡ್ತೀವಿ, ಹಳೇದು ನಾವೇ ಇಟ್ಕೋತೀವಿ' ಅಂದರು. ಮನಸ್ಸು ಒಪ್ಪದೆ ವಾಪಸ್ ತಂದೆ. ತಂದ ಮೇಲೆ ಹೊಸ ರೋಗ: ಗಂಟೆ ತಪ್ಪು ಹೊಡೆಯುತ್ತೆ. ಮುಳ್ಳು ಕೈಯಲ್ಲಿ ತಿರುಗಿಸಿ ನೋಡಿದೆ, ಹತ್ತಕ್ಕೆ ಏಳು, ಹನ್ನೊಂದಕ್ಕೆ ಎಂಟು.

ಅಂಗಡಿಯಲ್ಲಿ ಮಿಷನ್ ಹೊರಗಿದ್ದಾಗ ಹಿಂದಿನ ಪ್ಲೇಟಿನ ಫೋಟೋ ಹೊಡೆದುಕೊಂಡಿದ್ದೆ. ಎಂಟು ಮೂಲೆಯ ನಕ್ಷತ್ರ, ಒಳಗೆ 'ಜೆ' ಅಕ್ಷರ, ಕೆಳಗೆ 'ಬಿ 12'. ಏನು ಮಾಡಲಿ?

ಸುಮ್ನೆಒಬ್ಬ | ಭಾನುವಾರ ರಾತ್ರಿ

ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡಿ ಗುರು, ಓಡುತ್ತೆ. ನಮ್ಮಜ್ಜಿ ಹಾಗೇ ಮಾಡ್ತಿದ್ರು.

ಹಳೇಫ್ಯಾಕ್ಟರಿ | ಸೋಮವಾರ ಬೆಳಗ್ಗೆ

ಖಂಡಿತ ಬೇಡ ಸ್ವಾಮಿ. ಡಿಸೆಂಬರಿನಲ್ಲಿ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟ್ಲಿ ಬೆಳಗ್ಗೆ ಹೇಗಿರುತ್ತೆ? ಬಿಸಿನೀರಲ್ಲಿ ಇಟ್ಟರೇ ಕರಗೋದು. ಬೇಸಿಗೆಯಲ್ಲಿ ಧೂಳಿನ ಜೊತೆ ಸೇರಿ ಅಂಟಾಗುತ್ತೆ. ನಾನು ಬಿಚ್ಚಿದ ಗಡಿಯಾರಗಳಲ್ಲಿ ಅರ್ಧಕ್ಕರ್ಧ ಇಂಥ ಅಜ್ಜಿ ಮದ್ದು ಕುಡಿದವೇ. ಸೀಮೆಎಣ್ಣೆ, ಸ್ಪ್ರೇ ಕೂಡ ಬೇಡ.

ನಿಮ್ಮದು ಜರ್ಮನಿಯ ಯುಂಗ್‌ಹಾನ್ಸ್. ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಷ್ರಾಂಬರ್ಗ್ ಊರಿನಲ್ಲಿ 1861ರಲ್ಲಿ ಶುರುವಾದ ಕಂಪನಿ. 'ಬಿ 12' ಅಂದರೆ 1912ರ ದ್ವಿತೀಯಾರ್ಧ. 'ಎ' ಇದ್ದಿದ್ದರೆ ವರ್ಷದ ಮೊದಲರ್ಧ. ನಿಮ್ಮ ತಾತ ಅದನ್ನು ಹೊಸದಾಗಿ ಕೊಂಡರೋ ಹರಾಜಿನಲ್ಲಿ ಹಿಡಿದರೋ ಮನೆಯವರನ್ನೇ ಕೇಳಿ. ಸೆಲ್ ಮಿಷನ್ ಹಾಕಿಸದೆ ಬಂದದ್ದು ಒಳ್ಳೇದಾಯ್ತು. ಮಿಷನ್ ಕಳೆದರೆ ಉಳಿಯೋದು ಗಾಜು ಹಾಕಿದ ಮರದ ಡಬ್ಬ. 'ಹಳೇದು ನಾವೇ ಇಟ್ಕೋತೀವಿ' ಅಂದರಲ್ಲ, ಅದರ ಬೆಲೆ ಅವರಿಗೂ ಗೊತ್ತು.

ಕಾಯಿಲೆಗೆ ಬರೋಣ. ಏನೂ ಬಿಚ್ಚಬೇಡಿ. ಪೆಂಡುಲಂ ತಳ್ಳಿ, ಫ್ಯಾನ್ ಆಫ್ ಮಾಡಿ, ಕಣ್ಣು ಮುಚ್ಚಿ ಕೇಳಿ. ಟಿಕ್... ಟಾಕ್... ಟಿಕ್... ಟಾಕ್ ಅಂತ ಒಂದೇ ಅಂತರದಲ್ಲಿ ಬರ್ತಿದೆಯಾ, ಇಲ್ಲಾ ಟಿಕ್‌ಟಾಕ್... ಟಿಕ್‌ಟಾಕ್... ಅಂತ ಕುಂಟುತ್ತಿದೆಯಾ? ಇನ್ನೊಂದು ಪ್ರಶ್ನೆ: ಮನೆ ಬದಲಾಯಿಸುವಾಗ ಪೆಂಡುಲಂ ಕಳಚಿ ತಂದಿರಾ?

ಪೇಟೆಮನೆ | ಸೋಮವಾರ ರಾತ್ರಿ

ಕುಂಟುತ್ತಿದೆ! ಇಷ್ಟು ದಿನ ಕಿವಿಗೆ ಬಿದ್ದೇ ಇರಲಿಲ್ಲ. ಪೆಂಡುಲಂ ಕಳಚಿರಲಿಲ್ಲ ಸಾರ್, ಬೆಡ್‌ಶೀಟ್ ಸುತ್ತಿ ಟೆಂಪೋದಲ್ಲಿ ಹಾಕಿಸಿದೆವು. ಗಡಿಯಾರ ಮಾತ್ರ ನೆಟ್ಟಗಿದೆ, ಫೋನಿನ ಲೆವೆಲ್ ಇಟ್ಟು ನೋಡಿದ್ದೀನಿ.

ಹಳೇಫ್ಯಾಕ್ಟರಿ | ಸೋಮವಾರ ರಾತ್ರಿ

ಉತ್ತರಹಳ್ಳಿ ತನಕ ಎಷ್ಟು ಹಂಪ್ ಇವೆ ಎಣಿಸಿ. ಅಷ್ಟು ಸಲ ಆ ಪೆಂಡುಲಂ ಒಳಗೆ ಗುದ್ದಿದೆ. ಗಡಿಯಾರಕ್ಕೆ ಬೇಕಾದದ್ದು ಫೋನಿನ ನೇರವಲ್ಲ, ಅದರ ಹೊಟ್ಟೆಯೊಳಗಿನ ನೇರ.

ಪೆಂಡುಲಂ ಹಿಂದೆ ಮೇಲಿಂದ ಇಳಿದ ಒಂದು ತಂತಿ ಇರುತ್ತೆ. ಹಲ್ಲಿನ ಚಕ್ರದಿಂದ ಬರುವ ಸಣ್ಣ ತಳ್ಳನ್ನು ಪೆಂಡುಲಮ್ಮಿಗೆ ದಾಟಿಸೋದು ಅದೇ. ಅದು ಒಂದು ಪಕ್ಕಕ್ಕೆ ಬಾಗಿದರೆ ಒಂದು ಕಡೆಯ ತಳ್ಳು ಬೇಗ, ಇನ್ನೊಂದು ಕಡೆಯದು ತಡ. ಆಟ ಚಿಕ್ಕದಾಗುತ್ತಾ ಹೋಗಿ ಚಕ್ರದ ಹಲ್ಲು ಬಿಡೋದೇ ಇಲ್ಲ, ನಿಲ್ಲುತ್ತೆ. ನಿಮ್ಮ ಐದು ನಿಮಿಷ ಅದೇ.

ಮೊದಲು ಪೆಂಡುಲಂ ನೇತು ಹಾಕುವ ತೆಳು ಸ್ಟೀಲ್ ಪಟ್ಟಿ ನೋಡಿ. ಮಡಿಚಿ ಗೆರೆ ಬಿದ್ದಿದ್ದರೆ ಅದನ್ನೇ ಬದಲಾಯಿಸಬೇಕು. ಚೆನ್ನಾಗಿದ್ದರೆ, ಪೆಟ್ಟಿಗೆಯ ಕೆಳತುದಿಯನ್ನು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ಸರಿಸುತ್ತಾ ಕೇಳಿ. ಒಂದು ಜಾಗದಲ್ಲಿ ಸದ್ದು ಸಮ ಆಗುತ್ತೆ. ಕೆಳತುದಿ ಎಡಕ್ಕೆ ಹೋದಾಗ ಸಮ ಆಯಿತಾ, ಗಡಿಯಾರ ಮತ್ತೆ ನೆಟ್ಟಗೆ ಮಾಡಿ, ಆ ತಂತಿಯ ಕೆಳತುದಿಯನ್ನೂ ಎಡಕ್ಕೇ ಒಂದು ಕೂದಲಷ್ಟು ಬಾಗಿಸಿ. ಬಲಕ್ಕಾದರೆ ಬಲಕ್ಕೆ. ಬಾಗಿಸುವಾಗ ತಂತಿಯ ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದಿರಿ, ಒತ್ತಡ ಒಳಗಿನ ಸಣ್ಣ ಅಚ್ಚಿಗೆ ಹೋಗಬಾರದು. ಕೆಲವದರಲ್ಲಿ ತಂತಿ ಬಾಗಿಸಬೇಕಿಲ್ಲ, ಬುಡದಲ್ಲೇ ಬಿಗಿಯಾಗಿ ಜಾರುತ್ತೆ.

ಮೊಳೆಯೂ ಗಟ್ಟಿ ಇರಲಿ. ಪೆಟ್ಟಿಗೆ ಅಲುಗಿದರೆ ಪೆಂಡುಲಮ್ಮಿನ ಶಕ್ತಿಯನ್ನು ಅದೇ ನುಂಗುತ್ತೆ.

ಪೇಟೆಮನೆ | ಬುಧವಾರ ರಾತ್ರಿ

ಪಟ್ಟಿ ಸರಿ ಇತ್ತು. ಕೆಳತುದಿ ಎಡಕ್ಕೆ ಬೆರಳಗಲ ಸರಿಸಿದಾಗ ಸದ್ದು ಸಮ ಬಂತು. ನೀವು ಹೇಳಿದ ಹಾಗೇ ತಂತಿ ಸರಿಸಿದೆ, ಮೂರನೇ ಸಲಕ್ಕೆ ಸರಿಹೋಯ್ತು. ಅಮ್ಮ ಅಡುಗೆಮನೆಯಿಂದ ಬಂದು ನಿಂತು ಕೇಳಿಸಿಕೊಂಡರು.

ಆದರೆ ಪೂರ್ತಿ ಗೆದ್ದಿಲ್ಲ. ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಬಿಟ್ಟೆ, 4:21ಕ್ಕೆ ನಿಂತಿತ್ತು. ರಾತ್ರಿ ಎಂಟಕ್ಕೆ ಬಿಟ್ಟೆ, 8:43ಕ್ಕೆ ನಿಂತಿತು. ಇವತ್ತು ಬೆಳಗ್ಗೆ ಆರಕ್ಕೆ ಬಿಟ್ಟರೆ 6:32. ಸದ್ದು ಕೊನೇತನಕ ಸಮವಾಗೇ ಇತ್ತು. ಸ್ಪ್ರಿಂಗ್ ಸೋತಿದೆಯಾ?

ಮುಳ್ಳುಮೊನೆ | ಬುಧವಾರ ರಾತ್ರಿ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಕಲಿತವಳಲ್ಲ, ಭಾನುವಾರ ಅವೆನ್ಯೂ ರಸ್ತೆ ಕಡೆ ಸುತ್ತಿ ಮೂರು ಗಡಿಯಾರ ಕೂಡಿಸಿಕೊಂಡವಳು ಅಷ್ಟೇ. ಆದರೆ ಈ ಮೂರು ಟೈಮ್ ಒಂದು ಕಾಗದದ ಮೇಲೆ ಬರೆದು ನೋಡಿ. 4:21, 6:32, 8:43. ಚಿಕ್ಕ ಮುಳ್ಳು ಎಲ್ಲಿರುತ್ತೆ? ದೊಡ್ಡದು ಎಲ್ಲಿರುತ್ತೆ?

ಹಳೇಫ್ಯಾಕ್ಟರಿ | ಬುಧವಾರ ರಾತ್ರಿ

ಅಮ್ಮಾ, ಶಭಾಷ್! ನಾನು ಸ್ಪ್ರಿಂಗ್ ಕಥೆ ಶುರು ಮಾಡೋದರಲ್ಲಿದ್ದೆ.

ಮೂರೂ ಮುಳ್ಳಿನ ಮೇಲೆ ಮುಳ್ಳು ಬರುವ ಹೊತ್ತೇ. ಅಂಗಡಿಯವರು ಮತ್ತೆ ಜೋಡಿಸುವಾಗ ಚಿಕ್ಕ ಮುಳ್ಳನ್ನು ಪೂರ್ತಿ ಒಳಕ್ಕೆ ಕೂರಿಸಿಲ್ಲ. ದೊಡ್ಡ ಮುಳ್ಳು ದಾಟುವಾಗ ಉಜ್ಜಿ ಸಿಕ್ಕಿಕೊಳ್ಳುತ್ತೆ. ಸ್ಪ್ರಿಂಗ್ ಸೋತಿದ್ದರೆ ಯಾವಾಗ ಬೇಕಾದರೂ ನಿಲ್ಲಬೇಕಿತ್ತು, ಪಂಚಾಂಗ ನೋಡಿಕೊಂಡು ನಿಲ್ಲೋದಿಲ್ಲ.

ಹತ್ತಕ್ಕೆ ಏಳು ಹೊಡೆಯುವುದೂ ಇದೇ ಮುಳ್ಳಿನ ಕೆಲಸ ಅಂತ ನನ್ನ ಅನುಮಾನ. ಡಯಲ್ ಹಿಂದೆ ಪಕ್ಕದಿಂದ ಟಾರ್ಚ್ ಬಿಡಿ. ಬಸವನಹುಳುವಿನ ಚಿಪ್ಪಿನ ಹಾಗೆ ಮೆಟ್ಟಿಲು ಮೆಟ್ಟಿಲಾದ ತಟ್ಟೆ ಕಾಣುತ್ತಾ? ಚಿಕ್ಕ ಮುಳ್ಳು ಕೂತಿರೋ ಕೊಳವೆಯ ಜೊತೆಗೇ ಅದು ತಿರುಗುತ್ತೆ. ಹನ್ನೆರಡು ಮೆಟ್ಟಿಲು, ಯಾವ ಮೆಟ್ಟಿಲೋ ಅಷ್ಟು ಹೊಡೆತ. ಚಿಪ್ಪು ಇದ್ದರೆ ಹೊಡೆಯುವುದು ಸರಿ, ಮುಳ್ಳು ತೋರಿಸುವುದು ತಪ್ಪು. ಚಿಪ್ಪಿಲ್ಲದೆ ಅಂಚಿನಲ್ಲಿ ಕಚ್ಚುಗಳಿರುವ ಚಕ್ರ ಇದ್ದರೆ ಅದರ ಲೆಕ್ಕವೇ ಬೇರೆ. ಅದಕ್ಕೆ ಮುಳ್ಳು ಎಲ್ಲಿದೆ ಅಂತ ಗೊತ್ತೇ ಇರೋದಿಲ್ಲ, ಒಂದಾದ ಮೇಲೊಂದು ಹೊಡೆಯುತ್ತಾ ಹೋಗುತ್ತೆ ಅಷ್ಟೇ.

ಪೇಟೆಮನೆ | ಗುರುವಾರ

ಚಿಪ್ಪು ಇದೆ ಸಾರ್!

ಹಳೇಫ್ಯಾಕ್ಟರಿ | ಗುರುವಾರ

ಹಾಗಾದರೆ ದೊಡ್ಡ ಮುಳ್ಳನ್ನು ಮುಂದಕ್ಕೆ ತಿರುಗಿಸಿ 12ಕ್ಕೆ ತನ್ನಿ. ಎಷ್ಟು ಹೊಡೆಯಿತೋ ಎಣಿಸಿ. ಏಳು ಹೊಡೆದರೆ ಚಿಕ್ಕ ಮುಳ್ಳನ್ನು ಮಾತ್ರ ಬುಡದಲ್ಲಿ ಹಿಡಿದು ನೇರ 7ಕ್ಕೆ ತಿರುಗಿಸಿ, ಹಾಗೇ ಒಳಕ್ಕೆ ಒತ್ತಿ. ಒತ್ತಿ ಕೂರಿಸಿದ್ದು ತಾನೇ, ತಿರುಗುತ್ತೆ. ಎರಡು ಮುಳ್ಳಿನ ನಡುವೆ ಒಂದು ಪೋಸ್ಟ್‌ಕಾರ್ಡ್ ಸಲೀಸಾಗಿ ಆಡಬೇಕು. ಆಮೇಲೆ ದೊಡ್ಡ ಮುಳ್ಳನ್ನು ಮುಂದಕ್ಕೇ ತಿರುಗಿಸುತ್ತಾ, ಪ್ರತಿ ಗಂಟೆ, ಅರ್ಧ ಗಂಟೆ ಪೂರ್ತಿ ಹೊಡೆಯಲು ಬಿಟ್ಟು, ಸರಿಯಾದ ಹೊತ್ತಿಗೆ ತನ್ನಿ.

ಪೇಟೆಮನೆ | ಭಾನುವಾರ

ಮೂರು ದಿನದಿಂದ ನಿಂತಿಲ್ಲ. ಹತ್ತಕ್ಕೆ ಹತ್ತೇ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತೆ, ಅಷ್ಟೇ.

ಗಣಿತದಮೇಷ್ಟ್ರು | ಭಾನುವಾರ

ಇದರ ಹಿಂದೆ ಸ್ವಾರಸ್ಯವಾದ ಲೆಕ್ಕವಿದೆ. ಗುರುತ್ವಾಕರ್ಷಣೆ ಷ್ರಾಂಬರ್ಗ್‌ನಲ್ಲಿ ಸುಮಾರು 9.81, ಸಮಭಾಜಕಕ್ಕೆ ಹತ್ತಿರ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 9.78. ಅಲ್ಲಿ ಹೊಂದಿಸಿದ ಪೆಂಡುಲಂ ಇಲ್ಲಿ ದಿನಕ್ಕೆ ಎರಡು ನಿಮಿಷ ನಿಧಾನವಾಗುತ್ತದೆ.

ಹಳೇಫ್ಯಾಕ್ಟರಿ | ಭಾನುವಾರ

ಲೆಕ್ಕ ಸರಿ ಮೇಷ್ಟ್ರೇ, ಆದರೆ ಆ ಎರಡು ನಿಮಿಷವನ್ನು ಇವರ ತಾತ ಚಾಮರಾಜಪೇಟೆಯಲ್ಲೇ ತೀರಿಸಿರುತ್ತಾರೆ. ಟೆಂಪೋ ಕುಲುಕಿಗೆ ಪೆಂಡುಲಂ ಕೆಳಗಿನ ತಿರುಪು ಸಡಿಲಾಗಿದೆ. ನಿಮಿಷಕ್ಕೆ 120 ಸಲ ಸದ್ದು ಮಾಡುವ ಪೆಂಡುಲಂ ಹೆಚ್ಚುಕಡಿಮೆ 25 ಸೆಂಟಿಮೀಟರ್ ಉದ್ದ. ಒಂದು ಮಿಲಿಮೀಟರ್ ಏರಿಸಿದರೆ ದಿನಕ್ಕೆ ಮೂರು ನಿಮಿಷದ ವ್ಯತ್ಯಾಸ. ತಿರುಪನ್ನು ಒಂದು ಸುತ್ತು ಮೇಲಕ್ಕೆ ಏರಿಸಿ ಎರಡು ದಿನ ಬಿಟ್ಟು ನೋಡಿ. ದಿನಾ ಮುಟ್ಟಬೇಡಿ.

ಪೇಟೆಮನೆ | ಮುಂದಿನ ಶನಿವಾರ

ಎರಡು ಸುತ್ತಿಗೆ ಸರಿಹೋಯ್ತು. ಈಗ ಹೊಸ ತಾಪತ್ರಯ: ರಾತ್ರಿ ಹನ್ನೆರಡು ಹೊಡೆದರೆ ಮೇಲಿನ ಮನೆಯವರಿಗೆ ಎಚ್ಚರ ಆಗುತ್ತಂತೆ. ಎಡಗಡೆ ತೂತಿಗೆ ಕೀ ಕೊಡದೆ ಬಿಡಲಾ?

ಮುಳ್ಳುಮೊನೆ | ಶನಿವಾರ

ಹಾಗೆ ಮಾಡಬೇಡಿ, ನಾನು ಮಾಡಿ ಅನುಭವಿಸಿದ್ದೀನಿ. ಹೊಡೆಯುವ ಸ್ಪ್ರಿಂಗ್ ಇಳಿದುಹೋದರೆ, ಚಿಪ್ಪಿನ ಮೇಲೆ ಬೀಳುವ ಸನ್ನೆ ಬಿದ್ದಲ್ಲೇ ಇರುತ್ತೆ. 12ರಿಂದ 1ಕ್ಕೆ ಹೋಗುವಾಗ ಆ ಎತ್ತರದ ಮೆಟ್ಟಿಲಿಗೆ ತಗುಲಿ ಗಡಿಯಾರವೇ ನಿಲ್ಲಬಹುದು. ಸುತ್ತಿಗೆಯ ಮೂತಿಗೆ ಒಂದು ಚೂರು ಉಲ್ಲನ್ ಬಟ್ಟೆ ಕಟ್ಟಿ, ಸದ್ದು ಅರ್ಧಕ್ಕಿಳಿಯುತ್ತೆ.

ಪೇಟೆಮನೆ | ಶನಿವಾರ ರಾತ್ರಿ

ಬಟ್ಟೆ ಕಟ್ಟಿದೆ. ಅಮ್ಮನಿಗೆ ಇಷ್ಟವಿಲ್ಲ, 'ನೆಗಡಿಯಾದ ಹಾಗೆ ಹೊಡೆಯುತ್ತೆ' ಅಂತಾರೆ. ಬೆಳಗ್ಗೆ ಆರಕ್ಕೆ ಬಿಚ್ಚಿ ರಾತ್ರಿ ಹತ್ತಕ್ಕೆ ಕಟ್ಟುವ ಕೆಲಸ ಅವರೇ ವಹಿಸಿಕೊಂಡಿದ್ದಾರೆ.