ಚಳಿಗಾಲದ ಗುಹೆ ಚಾರಣ: ಹೋಗಿಬಂದವರು ಹೇಳಿ

ಬರುವ ಭಾನುವಾರ ನಮ್ಮ ಚಾರಣ ಕ್ಲಬ್ಬಿನ ಹನ್ನೆರಡು ಜನ ಗುಹೆ ನೋಡಲು ಹೊರಟಿದ್ದೇವೆ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್. ಹವಾಮಾನ ಮುನ್ಸೂಚನೆ ದಿನಕ್ಕೊಂದು ಥರ ಇದೆ. ನಿನ್ನೆ ಬಿಸಿಲು ಅಂದಿತ್ತು, ಇವತ್ತು ಮಳೆ, ಗಾಳಿ ಅನ್ನುತ್ತಿದೆ. ತಂಡದ ಜವಾಬ್ದಾರಿ ನನ್ನದು. ಏನೇನು ನೋಡಿಕೊಳ್ಳಬೇಕು?

*

ಹತ್ತುವಾಗ ಚಳಿ ಗೊತ್ತೇ ಆಗುವುದಿಲ್ಲ. ನನಗೆ ಚಳಿ ಹಿಡಿದಿದ್ದು ಗುಹೆಯ ಬಾಯಲ್ಲಿ. ಒಬ್ಬೊಬ್ಬರೇ ತೆವಳಿ ಹೋಗುವಷ್ಟು ಸಂದಿ, ನಾವು ಹದಿನಾಲ್ಕು ಜನ, ಕೊನೆಯವನು ನಾನು. ಬೆವರಿಗೆ ಬನಿಯನ್ ಬೆನ್ನಿಗೆ ಅಂಟಿತ್ತು. ಮುಕ್ಕಾಲು ಗಂಟೆ ಗಾಳಿಗೆ ಸುಮ್ನೆ ನಿಂತಿದ್ದೆ. ನನ್ನ ಸರದಿ ಬಂದಾಗ ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸಲು ಬೆರಳೇ ಬಗ್ಗಲಿಲ್ಲ. ಪಕ್ಕದವರು ಮಗುವಿಗೆ ಹಾಕಿದ ಹಾಗೆ ಹಾಕಿಕೊಟ್ಟರು.

ಈಗ ಹತ್ತಲು ಶುರು ಮಾಡುವಾಗ ಬೇಕೆಂದೇ ಕಮ್ಮಿ ಬಟ್ಟೆ ಹಾಕುತ್ತೇನೆ, ಸ್ವಲ್ಪ ಚಳಿ ಅನಿಸುವಷ್ಟು. ಗುಹೆ ಮುಟ್ಟಿದ ತಕ್ಷಣ, ಫೋಟೋ ತೆಗೆಯುವ ಮೊದಲೇ, ಒಣ ಬನಿಯನ್, ಸ್ವೆಟರ್, ಮೇಲೆ ಜಾಕೆಟ್. ಹತ್ತಿ ಬಟ್ಟೆ ಬೇಡ, ನೆಂದರೆ ಬೇಗ ಒಣಗುವುದಿಲ್ಲ. ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಹನ್ನೆರಡು ಜನರನ್ನು ಎರಡು ತಂಡ ಮಾಡಿಬಿಡಿ. ಸರದಿಗೆ ಕಾಯುವವರು ಗಾಳಿ ತಾಗದ ಕಡೆ ಕೂರಲಿ.

*

ಮೇಲಿನವರ ಮಾತು ಸರಿ, ಆದರೆ ಆ ಜಾಕೆಟ್ಟನ್ನು ಒಳಗೆ ಹಾಕಿಕೊಂಡೇ ತಿರುಗಬೇಡಿ. ಆಳದ ಗುಹೆಯಲ್ಲಿ ತಾಪಮಾನ ಹೆಚ್ಚುಕಮ್ಮಿ ಆ ಜಾಗದ ವರ್ಷದ ಸರಾಸರಿಯಷ್ಟೇ ಇರುತ್ತದೆ. ಅಂದರೆ ಚಳಿಗಾಲದಲ್ಲಿ ಹೊರಗಿಗಿಂತ ಬೆಚ್ಚಗೆ. ಕನ್ನಡಕ ಮಂಜಾದಾಗಲೇ ಗೊತ್ತಾಗುತ್ತದೆ. ತೆವಳಿ ಬೆವರಿದರೆ ಹೊರಗೆ ಬಂದಾಗ ಮತ್ತೆ ಅದೇ ಕಥೆ.

ಒಳಗೆ ನೀರು ಹರಿಯುವ ಗುಹೆಯಾ? ಹಾಗಿದ್ದರೆ ಮಳೆ ಮುನ್ಸೂಚನೆ ಇರುವ ದಿನ ನಾನಂತೂ ಒಳಗೆ ಕಾಲಿಡುವುದಿಲ್ಲ. ಮಳೆ ನಿಮ್ಮ ತಲೆ ಮೇಲೇ ಬೀಳಬೇಕಂತಿಲ್ಲ, ಮೇಲಿನ ಗುಡ್ಡದಲ್ಲಿ ಬಿದ್ದರೂ ನೀರು ನುಗ್ಗಬಹುದು. ಗೋಡೆಯನ್ನು ಟಾರ್ಚ್ ಬಿಟ್ಟು ನೋಡಿ. ತಲೆಗಿಂತ ಎತ್ತರದಲ್ಲಿ ಒಣ ಎಲೆ, ಕಡ್ಡಿ ಸಿಕ್ಕಿಕೊಂಡಿದ್ದರೆ ಹಿಂದೆ ನೀರು ಅಲ್ಲಿವರೆಗೂ ಏರಿತ್ತು ಅಂತ ಲೆಕ್ಕ.

*

ಒಬ್ಬರಿಗೆ ಮೂರು ಬೆಳಕು. ಗುಹೆಗೆ ಇಳಿಯುವವರ ಹಳೆಯ ನಿಯಮ ಇದು. ಮೊಬೈಲ್ ಲೆಕ್ಕಕ್ಕಿಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಹೆಚ್ಚುವರಿ ಸೆಲ್ಲುಗಳು ಒಳಜೇಬಿನಲ್ಲಿರಲಿ. ಮತ್ತೆ, ನಿದ್ದೆಯಲ್ಲಿರುವ ಬಾವಲಿ ಕಂಡರೆ ಬೆಳಕು ಬಿಡಬೇಡಿ. ಚಳಿಗಾಲಕ್ಕೆ ಕೂಡಿಟ್ಟ ಕೊಬ್ಬು ಎಚ್ಚರವಾದಾಗಲೆಲ್ಲ ಕರಗುತ್ತದೆ ಪಾಪ.

*

ಸಮಯದ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ಕಾಲಿನವರಿಗೆ. ಕ್ಲಬ್ಬಿನ ತಂಡ ಅಂದರೆ ನಾನು ಅದರ ಅರ್ಧ ಜಾಸ್ತಿ ಸೇರಿಸುತ್ತೇನೆ. ಸೂರ್ಯ ಮುಳುಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ, ವಾಪಸ್ ತಿರುಗುವ ಸಮಯವನ್ನು ಮನೆಯಲ್ಲೇ ಬರೆದಿಡಿ. ಗುಹೆ ಕಣ್ಣಿಗೆ ಬಿದ್ದ ಮೇಲೆ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ.

ಒಮ್ಮೆ ಮೋಡ ಕವಿಯಿತು ಅಂತ ಗುಹೆ ಇನ್ನೇನು ಅರ್ಧ ಗಂಟೆ ಇದೆ ಅನ್ನುವಾಗ ಎಲ್ಲರನ್ನೂ ತಿರುಗಿಸಿದೆ. ಕೆಳಗಿಳಿದರೆ ಚುರುಚುರು ಬಿಸಿಲು! ಆ ತಂಡದವರು ಈಗಲೂ ನನ್ನನ್ನು ಕಂಡರೆ ಮೊದಲು ಆಕಾಶ ನೋಡುತ್ತಾರೆ. ನೋಡಲಿ ಬಿಡಿ.

*

ಪ್ರಶ್ನೆ ಕೇಳಿದವಳು ನಾನು. ನಮ್ಮದು ಒಣ ಗುಹೆ, ವಿಚಾರಿಸಿಕೊಂಡೆ. ಎರಡು ತಂಡ ಮಾಡಿದ್ದೇನೆ. ಎಲ್ಲಿದ್ದರೂ ಒಂದೂವರೆಗೆ ವಾಪಸ್ ಅಂತ ಎಲ್ಲರಿಗೂ ಮೆಸೇಜ್ ಹಾಕಿದೆ. ಆಗಲೇ ಒಬ್ಬರು "ಎರಡು ಗಂಟೆ ಮಾಡಿ ಮೇಡಂ" ಅಂತ ಚೌಕಾಸಿಗೆ ಇಳಿದಿದ್ದಾರೆ.