ಅಪ್‌ಡೇಟ್: ರೂಟ್ ಕೆನಾಲ್ ಆದ ಹಲ್ಲು ಕಚ್ಚಿದರೆ ನೋಯುವುದೇಕೆ?

ನರವನ್ನೇ ತೆಗೆದ ಮೇಲೆ ಕಚ್ಚಿದಾಗ ನೋವೇಕೆ ಅಂತ ಕೇಳಿದ್ದೆ. ಉತ್ತರ ಸಿಕ್ಕಿತು. ತೆಗೆಯುವುದು ಹಲ್ಲಿನೊಳಗಿನ ನರ ಮಾತ್ರ. ಬೇರನ್ನು ಮೂಳೆಗೆ ಹಿಡಿದಿಡುವ ನಾರುಪೊರೆಗೆ ಅದರದ್ದೇ ನರಗಳಿವೆ. ಅದರ ಉರಿಯೂತ ಇಳಿಯುವವರೆಗೆ ಕೆಲವು ದಿನ ನೋವು ಸಹಜ. ಫಿಲ್ಲಿಂಗ್ ಕೂದಲೆಳೆಯಷ್ಟು ಎತ್ತರವಿದ್ದರೂ ಸಾಕು, ಬಾಯಿ ಮುಚ್ಚಿದಾಗಲೆಲ್ಲ ಮೊದಲ ಪೆಟ್ಟು ಅದಕ್ಕೇ. ಬಣ್ಣದ ಕಾಗದ ಕಚ್ಚಿಸಿದರೆ ಅಲ್ಲಿ ಗಾಢ ಚುಕ್ಕೆ ಬೀಳುತ್ತದೆ. ಅಷ್ಟನ್ನು ಉಜ್ಜಿ ತೆಗೆದರೆ ಆಯಿತು.

ನೋವು ವಾರಗಟ್ಟಲೆ ಉಳಿದರೆ, ಸ್ವಚ್ಛ ಮಾಡದೆ ಬಿಟ್ಟುಹೋದ ಕಾಲುವೆಯ (ಬೇರಿನೊಳಗೆ ನರ ಹಾಯುವ ಸಣ್ಣ ಕೊಳವೆ) ಮೇಲೆ ಅನುಮಾನ. ಮೇಲಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇರು 3, ಕಾಲುವೆ ಮಾತ್ರ ಹೆಚ್ಚಿನ ಸಲ 4! ಕೆನ್ನೆ ಕಡೆಯ ಮುಂದಿನ ಬೇರಿನಲ್ಲೇ ಎರಡು. ಮಾಮೂಲಿ ಎಕ್ಸ್‌ರೇಯಲ್ಲಿ ಒಂದರ ಹಿಂದೊಂದು ಅಡಗಿಬಿಡುತ್ತವೆ. ಮುಖ ಊದಿದರೆ, ಜ್ವರ ಬಂದರೆ ಅದೇ ದಿನ ತೋರಿಸಬೇಕು.