ಬ್ಯಾಕ್‌ಯಾರ್ಡ್‌ಗೆ ಗ್ಯಾಸ್ ಗ್ರಿಲ್ ತಗೋಬೇಕು, ಮನೇಲಿ ಅರ್ಧ ಜನ ವೆಜ್ಜು, ಯಾವ್ದು ಒಳ್ಳೇದು?

ಫ್ರಿಸ್ಕೋ_ಗೌಡ:

ಎಲ್ರಿಗೂ ನಮಸ್ಕಾರ. ಡಾಲಸ್ ಪಕ್ಕ ಫ್ರಿಸ್ಕೋದಲ್ಲಿದೀವಿ. ಮನೆ ಜೊತೆ ಹಳೇ ಓನರ್ ಬಿಟ್ಟೋಗಿದ್ದ ಗ್ರಿಲ್ ಒಂದಿತ್ತು, ಬರ್ನರ್ ತುಕ್ಕು ಹಿಡಿದು ತೂತಾಗಿ ಒಂದು ಕಡೆ ಬೆಂಕಿ ಮೊಣಕೈ ಉದ್ದ ಏಳುತ್ತೆ, ಇನ್ನೊಂದು ಕಡೆ ಹತ್ಕೊಳ್ಳೋದೇ ಇಲ್ಲ, ಇದನ್ನ ಮೊದ್ಲು ಎಸೀರಿ ಅಂತ ಮನೆಯವಳ ಆರ್ಡರ್ ಆಗಿದೆ. ಹೊಸದು ನೋಡೋಣ ಅಂತ ಅಂಗಡಿಗೆ ಹೋದ್ರೆ 300 ಡಾಲರ್‌ದಕ್ಕೆ ಐದು ಬರ್ನರ್, ಸಾವಿರ ಡಾಲರ್ ಮೇಲಿನದಕ್ಕೆ ಮೂರೇ ಬರ್ನರ್! ಇದ್ಯಾವ ಲೆಕ್ಕಾನೋ ತಿಳೀಲಿಲ್ಲ, ಸೇಲ್ಸ್ ಹುಡುಗ ಬಿಟಿಯು ಬಿಟಿಯು ಅಂತ ಅದೊಂದನ್ನೇ ಹಾಡ್ತಿದ್ದ.

ಪರಿಸ್ಥಿತಿ ಏನಂದ್ರೆ, ನಾನು ಮಗ ಚಿಕನ್ ತಿಂತೀವಿ, ಹೆಂಡ್ತಿ ಮಗಳು ತಿನ್ನಲ್ಲ. ಮೇ ತಿಂಗಳಲ್ಲಿ ಮೈಸೂರಿಂದ ಅತ್ತೆ ಮಾವ ಬರ್ತಿದಾರೆ, ಅವ್ರು ಮೊಟ್ಟೆ ಇಟ್ಟ ಫ್ರಿಜ್ ಕಡೇನೂ ತಿರುಗಿ ನೋಡಲ್ಲ. ಹಿಂದುಗಡೆ ಚಿಕ್ಕದೊಂದು ಕವರ್ಡ್ ಪ್ಯಾಟಿಯೋ ಇದೆ, ಗೋಡೇಲಿ ಬಿಲ್ಡರ್ ಕೊಟ್ಟ ಗ್ಯಾಸ್ ಪಾಯಿಂಟ್ ಇದೆ, ಅದನ್ನ ಇನ್ನೂ ಯಾರೂ ಮುಟ್ಟಿಲ್ಲ. ಬಜೆಟ್ ಎಲ್ಲಾ ಸೇರಿ 800 ಒಳಗೆ. ಮೂರು ಬರ್ನರ್ ಸಾಕಾ ನಾಲ್ಕು ಬೇಕಾ, ಸಿಲಿಂಡರ್‌ದು ತಗೊಳ್ಳೋದಾ ಲೈನ್ ಗ್ಯಾಸ್‌ದಾ, ಪಕ್ಕದಲ್ಲಿ ಪಾತ್ರೆ ಇಡೋಕೆ ಒಲೆ ಥರ ಇರೋ ಸೈಡ್ ಬರ್ನರ್ ಉಪಯೋಗಕ್ಕೆ ಬರುತ್ತಾ ಇಲ್ಲ ಬರೀ ಶೋಕಿನಾ? ಅನುಭವ ಇರೋರು ದಯವಿಟ್ಟು ಹೇಳಿ.

ತುಂಗಾತೀರ:

ಗೌಡ್ರೇ, ಬರ್ನರ್ ಎಣಿಸೋದು ಮೊದ್ಲು ಬಿಟ್ಬಿಡಿ. ಬಿಟಿಯು ಅಂದ್ರೆ ಶಾಖದ ಅಳತೆ, ಗ್ರಿಲ್ ಮೇಲೆ ಬರೆದಿರೋದು ಗಂಟೆಗೆ ಎಷ್ಟು ಗ್ಯಾಸ್ ಸುಡುತ್ತೆ ಅನ್ನೋದು ಅಷ್ಟೇ, ಅಷ್ಟು ಶಾಖ ನಿಮ್ಮ ಚಿಕನ್‌ಗೆ ತಗಲುತ್ತೆ ಅಂತ ಯಾರು ಹೇಳಿದ್ದು? ಮುಚ್ಚಳ ತೆಳ್ಳಗಿದ್ದು ಹಿಂದುಗಡೆ ಸಂದಿ ದೊಡ್ಡದಿದ್ರೆ ಎಲ್ಲಾ ಗಾಳಿಗೆ ಹೋಯ್ತು. ನೋಡೋದಿದ್ರೆ ಮೇನ್ ಬರ್ನರ್‌ಗಳ ಬಿಟಿಯುನ ಅಡುಗೆ ಜಾಗದ ಚದರ ಇಂಚಿಂದ ಭಾಗಿಸಿ ನೋಡಿ, 80ರಿಂದ 100 ಬಂದ್ರೆ ಸಾಕು, 36,000 ಬಿಟಿಯು 450 ಚದರ ಇಂಚು ಅಂದ್ರೆ 80 ಆಯ್ತಲ್ಲ, ಧಾರಾಳ. ಕೆಲವು ಜಾಹೀರಾತಲ್ಲಿ ಸೈಡ್ ಬರ್ನರ್‌ದೂ ಅದಕ್ಕೇ ಸೇರಿಸಿರ್ತಾರೆ, ಮೇಲಿನ ಬೆಚ್ಚಗಿಡೋ ರ‍್ಯಾಕ್ ಜಾಗಾನೂ ಚದರ ಇಂಚಿಗೆ ಸೇರಿಸಿರ್ತಾರೆ, ಎರಡನ್ನೂ ಕಳೆದು ಲೆಕ್ಕ ಹಾಕಿ.

ಅಂಗಡಿಗೆ ಹೋಗುವಾಗ ಫ್ರಿಜ್ ಮೇಲಿನ ಮ್ಯಾಗ್ನೆಟ್ ಒಂದು ಜೇಬಲ್ಲಿ ಹಾಕ್ಕೊಂಡು ಹೋಗಿ. ಸ್ಟೇನ್‌ಲೆಸ್ ಸ್ಟೀಲ್ ಅಂತ ಬರೆದಿರೋ ಕಡೆ ಇಟ್ಟು ನೋಡಿ, ಗಟ್ಟಿಯಾಗಿ ಕಚ್ಕೊಂಡ್ರೆ ಅದು 430 ಗ್ರೇಡ್ ಜಾತಿದು, ಬೇಗ ತುಕ್ಕು. ಕಚ್ಚದೇ ಜಾರಿದ್ರೆ ಬಹುತೇಕ 304, ಅದು ಬಾಳಿಕೆ ಬರುತ್ತೆ. ಹೊರಗಿನ ಬಾಗಿಲು 430 ಆದ್ರೂ ಪರವಾಗಿಲ್ಲ, ನೋಡೋಕೆ ಚೆನ್ನಾಗಿರಲ್ಲ ಅಷ್ಟೇ, ಆದ್ರೆ ಬರ್ನರ್ ಟ್ಯೂಬು ಮತ್ತೆ ಅದರ ಮೇಲೆ ಕೂರೋ ಹೀಟ್ ಪ್ಲೇಟ್ ತೆಳ್ಳಗಿದ್ರೆ ನಿಮ್ಮ ಹಳೇ ಗ್ರಿಲ್‌ಗೆ ಆಗಿದ್ದೇ ಇದಕ್ಕೂ ಆಗೋದು. 300 ಡಾಲರ್‌ಗೆ ಐದು ಬರ್ನರ್ ಹೆಂಗೆ ಕೊಡ್ತಾರೆ ಅಂತ ಕೇಳಿದ್ರಲ್ಲ, ಉಳಿಸಿರೋದು ಅಲ್ಲೇ.

ನಾಲ್ಕು ಜನರ ಮನೆಗೆ ಮೂರು ಬರ್ನರ್ ಸಾಕು ಸಾರ್. ಎರಡು ಮಾತ್ರ ಬೇಡ. ಒಂದು ಕಡೆ ಉರಿ ಹಚ್ಚಿ ಇನ್ನೊಂದು ಕಡೆ ಆರಿಸಿಟ್ಟು ಮುಚ್ಚಳ ಮುಚ್ಚಿ ಚಿಕನ್ ಲೆಗ್ ನಿಧಾನಕ್ಕೆ ಬೇಯಿಸೋಕೆ ಮೂರಿದ್ರೆ ಅನುಕೂಲ. ವೆಬರ್ ಕಂಪನಿಯ ಸ್ಪಿರಿಟ್ ಮೂರು ಬರ್ನರ್ ನಿಮ್ಮ ಬಜೆಟ್‌ಗೆ ಕೂರುತ್ತೆ, ಅವರದ್ದೇ ಮೇಲಿನ ಮಾಡೆಲ್ ಜೆನೆಸಿಸ್ ಕೂರಲ್ಲ. ಕೆನಡಾದ ನೆಪೋಲಿಯನ್, ಬ್ರಾಯಿಲ್ ಕಿಂಗ್ ಕೂಡ ಒಮ್ಮೆ ಮುಟ್ಟಿ ನೋಡಿ. ಮುಚ್ಚಳ ಎತ್ತಿ ಇಳಿಸಿ, ಎರಡೂ ಬದಿ ಹಿಡಿದು ಅಲ್ಲಾಡಿಸಿ, ಗಡಗಡ ಅಂದ್ರೆ ಮುಂದಕ್ಕೆ ಹೋಗಿ.

ರೊಟ್ಟಿ_ಬುತ್ತಿ:

ಗೌಡ್ರ, ಗ್ವಾಡ್ಯಾಗ ಗ್ಯಾಸ್ ಪಾಯಿಂಟ್ ಐತಿ ಅಂದಮ್ಯಾಲ ಸಿಲಿಂಡರ್ ಯಾಕ ಹೊರತೀರಿ? ನಾ ಶಿಕಾಗೋ ಬಾಜೂಕ ನೇಪರ್‌ವಿಲ್‌ನ್ಯಾಗ ಇರ್ತೀನ್ರಿ, ಇಲ್ಲಿ ಜನವರಿಯಾಗ ಸಿಲಿಂಡರ್ ಅರ್ಧ ಖಾಲಿ ಇತ್ತಂದ್ರ ಥಂಡಿಗೆ ಪ್ರೆಶರ್ ಇಳದು ಉರಿ ಸಣ್ಣಗ ಆಗಿಬಿಡ್ತದ. ನಿಮ್ಮ ಟೆಕ್ಸಾಸ್‌ನ್ಯಾಗ ಆ ತ್ರಾಸ ಇಲ್ಲ ಬಿಡ್ರಿ. ಆದ್ರೂ ಲೆಕ್ಕ ನೋಡ್ರಿ, 20 ಪೌಂಡಿನ ತುಂಬಿದ ಸಿಲಿಂಡರ್‌ನ್ಯಾಗ ಸುಮಾರು 4,30,000 ಬಿಟಿಯು ಇರ್ತದ, 36,000ದ ಗ್ರಿಲ್ ಫುಲ್ ಇಟ್ರ 12 ತಾಸು. ಅಂಗಡಿ ಮುಂದ ಪಂಜರದಾಗ ಇಟ್ಟು ಎಕ್ಸ್‌ಚೇಂಜ್ ಕೊಡ್ತಾರಲ್ಲ, ಅದರಾಗ ಬಹಳಷ್ಟು ಕಡೆ 15 ಪೌಂಡ್ ಅಷ್ಟ ತುಂಬಿರ್ತಾರ, ಅಂದ್ರ 9 ತಾಸು. ಸಿಲಿಂಡರ್ ಕೊರಳಿನ್ಯಾಗ ಟಿಡಬ್ಲ್ಯೂ ಅಂತ ಹೊಡದಿರ್ತದ, ಅದು ಖಾಲಿ ತೂಕ, ಹೆಚ್ಚಾಗಿ 17 ಪೌಂಡ್ ಸುತ್ತಮುತ್ತ. ಬಾತ್‌ರೂಮಿನ ತಕ್ಕಡಿ ಮ್ಯಾಲ ಇಟ್ಟು ಅದನ್ನ ಕಳದ್ರ ಎಷ್ಟು ಗ್ಯಾಸ್ ಐತಿ ಗೊತ್ತಾಗ್ತದ. ಟ್ರಕ್ ಬಾಡಿಗಿ ಕೊಡೂ ಯು-ಹಾಲ್‌ನ್ಯಾಗ ಕಣ್ಣಮುಂದ ತುಂಬಿಸಿ ಕೊಡ್ತಾರ, ಅದು ಸಸ್ತಾ ಬೀಳ್ತದ.

ಒಂದು ಮಾತು ಮಾತ್ರ ಮರೀಬ್ಯಾಡ್ರಿ. ಪ್ರೊಪೇನ್, ಅಂದ್ರ ಸಿಲಿಂಡರಿನ ಗ್ಯಾಸಿನ ಗ್ರಿಲ್ ತಂದು ಆಮ್ಯಾಲ ಲೈನ್ ಗ್ಯಾಸಿಗೆ ಬದ್ಲಿ ಮಾಡೋಣ ಅಂದ್ರ ಆಗೂದಿಲ್ಲ, ಎರಡರ ಪ್ರೆಶರ್ ಬ್ಯಾರೆ, ಗ್ಯಾಸ್ ಬರೂ ತೂತಿನ ಅಳತಿ ಬ್ಯಾರೆ, ವೆಬರ್‌ನವರಂತೂ ಬದ್ಲಿ ಮಾಡಬ್ಯಾಡ್ರಿ ಅಂತ ಸ್ಪಷ್ಟ ಹೇಳ್ತಾರ. ತಗೊಳ್ಳುವಾಗನ ನ್ಯಾಚುರಲ್ ಗ್ಯಾಸ್ ಮಾಡೆಲ್ ಅಂತ ಕೇಳಿ ತಗೋರಿ. ಸ್ವಲ್ಪ ತುಟ್ಟಿ.

ಮತ್ತ ಅತ್ತಿ ಮಾವ ಬಂದಾಗ ದೊಡ್ಡ ಬದ್ನಿಕಾಯಿ ಸುಡ್ರಿ. ನಾಕು ಕಡೆ ಚಾಕುವಿನ ತುದಿ ಚುಚ್ಚಿ, ಎಣ್ಣಿ ಸವರಿ, ಫುಲ್ ಉರಿ ಮ್ಯಾಲ ಹೊರಳಿಸಿ ಹೊರಳಿಸಿ ಸುಟ್ಟು, ಸಿಪ್ಪಿ ಕರ್ರಗಾಗಿ ತೊಟ್ಟಿನ ಹತ್ರ ಒತ್ತಿದ್ರ ಮೆತ್ತಗ ಹತ್ತಬೇಕು. ಚುಚ್ಚದ ಇಟ್ರ ಒಳಗಿನ ಹಬೆಗೆ ಒಡದು ಗ್ರಿಲ್ ತುಂಬ ಚೆಲ್ತದ. ಚುಚ್ಚಿದ ತೂತಿನ್ಯಾಗ ಒಂದೊಂದು ಬಳ್ಳೊಳ್ಳಿ ಎಸಳು ತುರಕಿದ್ರ ಇನ್ನೂ ಚಲೋ.

ಕುಡ್ಲದ_ಬಂಗುಡೆ:

ಸೈಡ್ ಬರ್ನರ್ ಶೋಕಿ ಅಂತ ಹೇಳುವವರು ಮನೆಯೊಳಗೆ ಮೀನು ಕಾಯಿಸಿ ನೋಡಿಲ್ಲ ಮಾರ್ರೆ. ಇಲ್ಲಿಯ ಮನೆಗಳಲ್ಲಿ ಕಿಚನ್, ಹಾಲ್ ಎಲ್ಲ ಒಂದೇ, ಒಲೆ ಮೇಲಿನ ಫ್ಯಾನ್ ಕೆಲವು ಕಡೆ ಹೊಗೆಯನ್ನು ಹೊರಗೆ ಬಿಡುವುದೇ ಇಲ್ಲ, ವಾಪಸ್ ಮುಖಕ್ಕೇ ಊದುದು. ಬಂಗುಡೆಗೆ ಮಸಾಲೆ ಹಚ್ಚಿ ಕಾವಲಿಗೆ ಹಾಕಿದ ಕೂಡಲೇ ಸ್ಮೋಕ್ ಅಲಾರಂ ಹೊಡ್ಕೊಳ್ತದೆ, ಗಂಡ ಟವೆಲ್ ಬೀಸಿಕೊಂಡು ಓಡುದು, ನಾಳೆ ಬೆಳಿಗ್ಗೆ ಆಫೀಸಿಗೆ ಹೋಗುವ ಜಾಕೆಟ್‌ನಲ್ಲೂ ಅದೇ ವಾಸನೆ. ಈಗ ನಮ್ಮಲ್ಲಿ ಮೀನು, ಬಜ್ಜಿ, ಒಣಮೆಣಸು ಹುರಿಯುದು ಎಲ್ಲ ಹೊರಗೆಯೇ. ಗಾಳಿ ಜೋರು ಇದ್ರೆ ಉರಿ ನಿಲ್ಲುದಿಲ್ಲ, ಅದೊಂದು ರಗಳೆ ಉಂಟು, ಗೋಡೆಯ ಮರೆಯ ಕಡೆ ತಿರುಗಿಸಿ ಇಡಿ.

ಕಂಪೆನಿ ಫೋಟೋದಲ್ಲಿ ತೋರಿಸಿದ ಹಾಗೆ ಅದರ ಮೇಲೆ ಸಣ್ಣ ಸಾಸ್ ಪಾತ್ರೆ ಇಡ್ಲಿಕ್ಕೆ ಆದ್ರೆ ಬೇಡ, ಹಣ ದಂಡ. ನಮ್ಮ ಅಡುಗೆ ಮಾಡುವವರಿಗೆ ಬೇಕು.

ಇದ್ದಿಲು_ಪ್ರೇಮಿ:

ಗ್ಯಾಸ್ ಗ್ರಿಲ್ ಅಂದ್ರೆ ಹೊರಗಡೆ ಇಟ್ಟಿರೋ ಸ್ಟೌ ಗುರು. ಜೋಳ ಇದ್ದಿಲಲ್ಲಿ ಸುಟ್ರೆ ತಾನೇ ಜೋಳ. 22 ಇಂಚಿನ ಕೆಟಲ್, ಅಂದ್ರೆ ದುಂಡಗಿರೋ ಇದ್ದಿಲು ಗ್ರಿಲ್ ತಗೊಳ್ಳಿ, ದುಡ್ಡೂ ಉಳಿಯುತ್ತೆ.

ತುಂಗಾತೀರ:

@ಇದ್ದಿಲು_ಪ್ರೇಮಿ ಒಪ್ಕೋತೀನಿ, ರುಚಿ ಅದರದ್ದೇ. ಆದ್ರೆ ಬುಧವಾರ ಸಂಜೆ ಆರೂವರೆಗೆ ಮಗಳ ಡ್ಯಾನ್ಸ್ ಕ್ಲಾಸ್‌ನಿಂದ ಬಂದು ಯಾರು ಇದ್ದಿಲು ಹಚ್ಚಿ ಅರ್ಧ ಗಂಟೆ ಕಾಯ್ತಾರೆ? ಗ್ಯಾಸ್ ಆದ್ರೆ ವಾರಕ್ಕೆ ಮೂರು ದಿನ ಬಳಸ್ತೀವಿ.

ಫ್ರಿಸ್ಕೋ_ಗೌಡ:

ಎಲ್ರಿಗೂ ಥ್ಯಾಂಕ್ಸ್, ಮ್ಯಾಗ್ನೆಟ್ ಐಡಿಯಾ ಸೂಪರ್, ನಿನ್ನೆ ಹೋಗಿ ನೋಡ್ದೆ, ಆ ಐದು ಬರ್ನರ್‌ದಕ್ಕೆ ಎಲ್ಲಿಟ್ರೂ ಕಚ್ಕೊಳ್ತು, ಸೇಲ್ಸ್ ಹುಡುಗ ನನ್ನನ್ನೇ ನೋಡ್ತಿದ್ದ. ಮೂರು ಬರ್ನರ್ ಲೈನ್ ಗ್ಯಾಸ್‌ದು ಅಂತ ಮನಸ್ಸಾಗಿದೆ. ಇನ್ನು ಉಳಿದಿರೋದು ಅತ್ತೆ ಮಾವನ ವಿಷ್ಯ. ಒಂದು ಬದಿ ಚಿಕನ್‌ಗೆ, ಒಂದು ಬದಿ ತರಕಾರಿಗೆ ಅಂತ ಭಾಗ ಮಾಡ್ಕೊಂಡ್ರೆ ನಡೆಯುತ್ತಾ? ಇಲ್ಲ ಜಾಲರಿ ಇನ್ನೊಂದು ಸೆಟ್ ತಗೊಂಡು ಬದಲಾಯಿಸ್ತಾ ಇರ್ಲಾ?

ಪುಳಿಯೋಗರೆ_ಪದ್ಮ:

ನಾನು ಆ ಅತ್ತೆ ಜಾಗದಲ್ಲಿ ನಿಂತು ಹೇಳ್ತೀನಿ, ನನ್ನ ತಾಯೀನೂ ಹಾಗೇನೇ. ಜಾಲರಿ ಬದಲಾಯಿಸಿದ್ರೆ ಏನು ಬಂತು? ಕೆಳಗಿನ ಹೀಟ್ ಪ್ಲೇಟ್ ಮೇಲೆ ಬಿದ್ದಿರೋ ಚಿಕನ್ ಜಿಡ್ಡೇ ಸುಟ್ಟು ಹೊಗೆಯಾಗಿ ಮೇಲಕ್ಕೆ ಬರೋದು, ಆ ಹೊಗೇಲೇ ಅಲ್ವಾ ಗ್ರಿಲ್ ರುಚಿ ಅನ್ನೋದು ಬರೋದು. ಒಂದೇ ಮುಚ್ಚಳದ ಕೆಳಗೆ ಎಡಕ್ಕೆ ಪನ್ನೀರು ಬಲಕ್ಕೆ ಚಿಕನ್ ಇಟ್ರೆ ಅದು ನಿಮ್ಮ ಸಮಾಧಾನಕ್ಕೆ ಅಷ್ಟೇ. ಅವ್ರು ಬಾಯಿಬಿಟ್ಟು ಏನೂ ಹೇಳಲ್ಲ, ಅಳಿಯಂದ್ರು ಪಾಪ ಆಸೆಯಿಂದ ಮಾಡಿದಾರೆ ಅಂತ ಎರಡು ತುಂಡು ತಟ್ಟೆಗೆ ಹಾಕಿಸ್ಕೊಂಡು, ಇವತ್ಯಾಕೋ ಹಸಿವಿಲ್ಲ, ಮೊಸರನ್ನ ಸಾಕು ಅಂತಾರೆ. ಆರು ತಿಂಗಳು ಇರೋರು.

ಎರಡು ತಗೊಳ್ಳಿ. ದೊಡ್ಡದು ನಿಮ್ಮದು, ಚಿಕ್ಕದೊಂದು ಅವ್ರಿಗೆ. ವೆಬರ್ ಕ್ಯೂ 1200 ಥರದ್ದು ಟೇಬಲ್ ಮೇಲೆ ಕೂರುತ್ತೆ, 8,500 ಬಿಟಿಯು, 189 ಚದರ ಇಂಚು, ಕ್ಯಾಂಪಿಂಗ್‌ದು ಸಿಗುತ್ತಲ್ಲ ಆ ಒಂದು ಪೌಂಡಿನ ಪುಟ್ಟ ಸಿಲಿಂಡರ್‌ನಲ್ಲೇ ನಡೆಯುತ್ತೆ. ನಾಲ್ಕು ಜೋಳದ ತೆನೆ, ಒಂದು ಬದನೆಕಾಯಿ, ಒಂದಿಷ್ಟು ಕ್ಯಾಪ್ಸಿಕಂಗೆ ಬೇಕಾದಷ್ಟಾಯ್ತು. ಅದರ ಜಾಲರಿ ಬೀಡಿಂದು. ದೊಡ್ಡದಕ್ಕೂ ಬೀಡಿಂದೇ ಬಂದ್ರೆ ಎನಾಮೆಲ್ ಲೇಪ ಇರುತ್ತೆ, ಲೋಹದ ಸ್ಕ್ರೇಪರ್‌ನಲ್ಲಿ ಜೋರಾಗಿ ಕೆರೆದ್ರೆ ಚಕ್ಕೆ ಏಳುತ್ತೆ, ಆಮೇಲೆ ಅಲ್ಲಿಂದ ತುಕ್ಕು ಶುರು. ತಂತಿ ಬ್ರಷ್ ಅಂತೂ ಮನೆ ಒಳಗೇ ತರಬೇಡಿ, ಒಂದು ಎಳೆ ಉದುರಿ ಊಟದಲ್ಲಿ ಸೇರಿ ಗಂಟಲಿಗೋ ಹೊಟ್ಟೆಗೋ ಚುಚ್ಚಿ ಆಸ್ಪತ್ರೆ ಸೇರಿದವರಿದಾರೆ. ಜಾಲರಿ ಕಾದಾಗ ದೋಸೆ ಕಾವಲಿಗೆ ಉಜ್ಜೋ ಹಾಗೆ ಅರ್ಧ ಈರುಳ್ಳಿನ ಫೋರ್ಕ್‌ಗೆ ಚುಚ್ಚಿ ಉಜ್ಜಿ, ಚೆನ್ನಾಗಿ ಬಿಡುತ್ತೆ.

ಸಹಕಾರನಗರ_ವಾಪಸ್:

ಮಧ್ಯ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಾವು ಜೂನ್‌ನಲ್ಲಿ ಬೆಂಗಳೂರಿಗೆ ವಾಪಸ್ ಹೋಗ್ತಿದೀವಿ, ಕಂಟೇನರ್‌ನಲ್ಲಿ ನಮ್ಮ ಗ್ರಿಲ್ ಹಾಕ್ಬೋದಾ? ಅಲ್ಲಿ ಟೆರೇಸ್ ಇದೆ.

ತುಂಗಾತೀರ:

@ಸಹಕಾರನಗರ_ವಾಪಸ್ ಇಲ್ಲಿನ ಸಿಲಿಂಡರ್ ಕನೆಕ್ಷನ್ ಬೇರೆ, ಅಲ್ಲಿನ 14.2 ಕೆಜಿ ಸಿಲಿಂಡರ್ ವಾಲ್ವ್ ಬೇರೆ, ಇಲ್ಲಿನ ರೆಗ್ಯುಲೇಟರ್ ಅಲ್ಲಿ ಕೂರೋದೇ ಇಲ್ಲ. ಅಲ್ಲಿನ ಎಲ್‌ಪಿಜಿನಲ್ಲಿ ಬ್ಯೂಟೇನ್ ಕೂಡ ಸೇರಿರುತ್ತೆ. ಮಾರಿಬಿಟ್ಟು ಹೋಗಿ, ಕಂಟೇನರ್ ಜಾಗಕ್ಕೆ ಬೇರೆ ಏನಾದ್ರೂ ಹಾಕಿ.

ಸ್ಯಾನ್‌ಹೋಸೆ_ಸೋಮ:

ನನ್ನದು ಹೊಸ ಗ್ರಿಲ್, ಸಿಲಿಂಡರ್‌ದು, ಎಲ್ಲಾ ನಾಬ್ ಫುಲ್ ಇಟ್ರೂ 300 ಡಿಗ್ರಿ ಫ್ಯಾರನ್‌ಹೀಟ್ ದಾಟಲ್ಲ, ಉರಿ ಸಣ್ಣಗೆ ಪಿಳಿಪಿಳಿ ಅಂತಿದೆ. ವಾಪಸ್ ಕೊಟ್ಬಿಡ್ಲಾ?

ರೊಟ್ಟಿ_ಬುತ್ತಿ:

ಕೊಡಬ್ಯಾಡ್ರಿ ಸೋಮಣ್ಣ, ತಡೀರಿ. ಬರ್ನರ್ ನಾಬ್ ಆನ್ ಇಟ್ಟು ಸಿಲಿಂಡರ್ ವಾಲ್ವ್ ಒಮ್ಮೆಲೆ ತಿರುವಿದ್ರ, ಪೈಪ್ ಎಲ್ಲೋ ಲೀಕ್ ಐತಿ ಅಂತ ತಿಳಕೊಂಡು ಒಳಗಿನ ಸೇಫ್ಟಿ ಗ್ಯಾಸ್ ಹಿಡದುಬಿಡ್ತದ. ಎಲ್ಲಾ ಬಂದ್ ಮಾಡ್ರಿ, ಸಿಲಿಂಡರ್‌ನಿಂದ ರೆಗ್ಯುಲೇಟರ್ ಬಿಚ್ರಿ, ಮುಚ್ಚಳ ತಗದು ನಾಬ್ ಎಲ್ಲಾ ಒಂದು ನಿಮಿಷ ಆನ್ ಇಟ್ಟು ಮತ್ತ ಬಂದ್ ಮಾಡ್ರಿ, ರೆಗ್ಯುಲೇಟರ್ ಹಾಕ್ರಿ, ವಾಲ್ವ್ ಸಾವಕಾಶ ತಿರುವ್ರಿ, ಆಮ್ಯಾಲ ಹಚ್ರಿ. ಹಚ್ಚುವಾಗ ಯಾವಾಗ್ಲೂ ಮುಚ್ಚಳ ತಗದಿರಬೇಕು. ಅದಕ್ಕೂ ಆಗಲಿಲ್ಲ ಅಂದ್ರ ಬರ್ನರ್ ಪೈಪಿನ ಬಾಯಾಗ ಜೇಡ ಗೂಡು ಕಟ್ಟೈತೇನು ನೋಡ್ರಿ, ಅವಕ್ಕ ಆ ಜಾಗ ಭಾಳ ಇಷ್ಟ.

ಸ್ಯಾನ್‌ಹೋಸೆ_ಸೋಮ:

ಅಣ್ಣಾ ಆಯ್ತು! 550 ಹೋಗ್ತಿದೆ!!

ಪುಳಿಯೋಗರೆ_ಪದ್ಮ:

ಗೌಡ್ರೇ, ಈಗ ಗಮನಕ್ಕೆ ಬಂತು, ನಿಮ್ಮದು ಕವರ್ಡ್ ಪ್ಯಾಟಿಯೋ ಅಂದ್ರಲ್ಲ, ಮೇಲಿನ ಚಾವಣಿ ಮರದ್ದಾ? ಮರದ ಚಾವಣಿ ಕೆಳಗೆ ಗ್ರಿಲ್ ಹಚ್ಚಬಾರದು ಅಂತ ಮ್ಯಾನ್ಯುಯಲ್‌ನಲ್ಲೇ ಇರುತ್ತೆ. ಹಿಂದೆ ಪಕ್ಕದಲ್ಲೂ ಕನಿಷ್ಠ 2 ಅಡಿ ಅಂತರ ಕೇಳ್ತಾರೆ, ಗೋಡೆಗೆ ವಿನೈಲ್ ಸೈಡಿಂಗ್ ಅಂದ್ರೆ ಪ್ಲಾಸ್ಟಿಕ್ ಹೊದಿಕೆ ಇದ್ರೆ ಇನ್ನೂ ದೂರ, ಅದು ಬೆಂಕಿ ತಗಲದಿದ್ರೂ ಶಾಖಕ್ಕೇ ಕರಗಿ ಜೋಲುತ್ತೆ. ಜಿಡ್ಡಿಗೆ ಬೆಂಕಿ ಹತ್ಕೊಂಡ್ರೆ ಉರಿ ಎಷ್ಟು ಮೇಲೆ ಹೋಗುತ್ತೆ ಅಂತ ನೋಡಿದವರಿಗೇ ಗೊತ್ತು. ಹಾಗಾದಾಗ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚೋದು, ನೀರು ಮಾತ್ರ ಹಾಕೋ ಹಾಗಿಲ್ಲ.

ಫ್ರಿಸ್ಕೋ_ಗೌಡ:

ಮರದ್ದೇ ಮೇಡಂ. ಟೇಪ್ ಹಿಡಿದು ಅಳೆದೆ, ಗೋಡೆ ಪಾಯಿಂಟ್‌ನಿಂದ ಚಾವಣಿ ಅಂಚಿಗೆ ಏಳು ಅಡಿ, ಗ್ರಿಲ್ ಜೊತೆ ಬರೋ ಪೈಪ್ 10 ಅಡಿ ಅಂತೆ, ಅಂಚು ದಾಟಿಸಿ ಹುಲ್ಲಿನ ಪಕ್ಕ ನಾಲ್ಕು ಕಲ್ಲು ಚಪ್ಪಡಿ ಹಾಸಿ ಅಲ್ಲಿ ಇಡೋದು ಅಂತ ಆಯ್ತು. ಸೈಡ್ ಬರ್ನರ್ ಇಲ್ಲದ್ದೇ ತಗೋತೀನಿ, ಆ ದುಡ್ಡು ಚಿಕ್ಕ ಗ್ರಿಲ್‌ಗೆ. ಹೆಂಡ್ತಿಗೆ ಈ ಪೋಸ್ಟ್ ತೋರಿಸ್ದೆ, ಮೊಸರನ್ನದ ಸಾಲು ಓದಿ ಬಿದ್ದು ಬಿದ್ದು ನಕ್ಕಳು, ಚಿಕ್ಕದನ್ನ ಇವತ್ತೇ ಆರ್ಡರ್ ಮಾಡಿ ಅಂದ್ಲು. ಬಜೆಟ್ ಸ್ವಲ್ಪ ಮೀರುತ್ತೆ, ಇರ್ಲಿ.

ರೊಟ್ಟಿ_ಬುತ್ತಿ:

ಚಲೋ ಆತು. ಪೈಪ್ ಜೋಡಿಸಿದಮ್ಯಾಲ ಪಾತ್ರೆ ತೊಳಿಯೂ ಸೋಪನ್ನ ನೀರಾಗ ಕಲಸಿ ಬ್ರಷ್‌ಲೆ ಎಲ್ಲಾ ಜಾಯಿಂಟಿಗೂ ಹಚ್ಚಿ ಗುಳ್ಳಿ ಏಳ್ತಾವೇನು ನೋಡ್ರಿ, ಎದ್ರ ಬಂದ್ ಮಾಡಿ ಬಿಗಿ ಮಾಡ್ರಿ. ಜೋಡಿಸೂ ಕೆಲಸಕ್ಕ ಅರ್ಧ ದಿನ ಹೋಗ್ತದ, ಏಸ್ ಹಾರ್ಡ್‌ವೇರ್‌ನಂಥ ಕಡೆ ಕೆಲವು ಗ್ರಿಲ್‌ಗೆ ಪುಕ್ಕಟ ಜೋಡಿಸಿ ಮನಿಗೆ ತಂದು ಕೊಡ್ತಾರ, ಮೊದ್ಲ ಫೋನ್ ಹಚ್ಚಿ ಕೇಳ್ರಿ.